ಉಪಗ್ರಹದ ನಕ್ಷೆಯಲ್ಲಿ ನಮ್ಮ ಸೆಕ್ಟರ್ ಕೆಂಪಗಿದೆ, ಮೆಟ್ಟಿಲ ಗೋಡೆಯಲ್ಲಿ ಬಿರುಕೂ ಇದೆ. ತಿಳಿದವರು ಹೇಳಿ

ದ್ವಾರಕಾದ ಹಾಸನದವ

ಎಲ್ಲರಿಗೂ ನಮಸ್ಕಾರ. ದೆಹಲಿಯ ದ್ವಾರಕಾದಲ್ಲಿ 17 ವರ್ಷದಿಂದ ಇದ್ದೇವೆ. ಸೊಸೈಟಿ ಫ್ಲ್ಯಾಟ್, ನಾಲ್ಕನೇ ಮಹಡಿ. ಹೋದ ವಾರ ನಮ್ಮ ವಾಟ್ಸಾಪ್ ಗುಂಪಿಗೆ ಯಾರೋ ಒಂದು ನಕ್ಷೆ ಹಾಕಿದರು. ಉಪಗ್ರಹದ ರೇಡಾರ್‌ನಿಂದ ಅಳೆದದ್ದಂತೆ. ನೆಲ ಎಲ್ಲೆಲ್ಲಿ ಇಳಿಯುತ್ತಿದೆ ಅಂತ ತೋರಿಸುತ್ತದೆ. ನಮ್ಮ ಸೆಕ್ಟರ್ ಪೂರ್ತಿ ಕೆಂಪು.

ಅವತ್ತಿನಿಂದ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ನಮ್ಮ ಬ್ಲಾಕಿನ ಮೆಟ್ಟಿಲ ಗೋಡೆಯಲ್ಲಿ ಓರೆಯಾಗಿ ಒಂದು ಬಿರುಕಿದೆ. ಎರಡು ಸಲ ಪುಟ್ಟಿ ತುಂಬಿ ಬಣ್ಣ ಹೊಡೆಸಿದರು. ಎರಡು ಸಲವೂ ಅದೇ ಜಾಗದಲ್ಲಿ ಬಾಯಿಬಿಟ್ಟಿತು. ಈಗ ಒಂದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುತ್ತದೆ. ಅಡುಗೆಮನೆ ನೆಲದ ಮೇಲೆ ನಿಂಬೆಹಣ್ಣು ಇಟ್ಟರೆ ತಾನಾಗಿಯೇ ಬಾಲ್ಕನಿ ಕಡೆ ಉರುಳುತ್ತದೆ. ಫ್ಲ್ಯಾಟ್ ಮಾರಿಬಿಡೋಣ ಅಂತ ನನ್ನ ಹೆಂಡತಿ ಹೇಳುತ್ತಿದ್ದಾಳೆ.

ಅಷ್ಟು ಮೇಲಿಂದ ನೆಲ ಒಂದೆರಡು ಸೆಂಟಿಮೀಟರ್ ಇಳಿದದ್ದು ನಿಜವಾಗಿಯೂ ಗೊತ್ತಾಗುತ್ತದಾ? ಗೊತ್ತಾದರೆ ನಾನು ಮಾಡಬೇಕಾದ್ದು ಏನು?

ಮಟ್ಟಗೋಲು

ಸರ್, ನಾನು ಸಿವಿಲ್ ಎಂಜಿನಿಯರ್, 31 ವರ್ಷ ಕಟ್ಟಡಗಳ ಕೆಲಸ ಮಾಡಿ ನಿವೃತ್ತನಾದವನು. ಮೊದಲು ನಿಂಬೆಹಣ್ಣಿನ ಚಿಂತೆ ಬಿಡಿ. ನೀರು ಹರಿಯಲಿ ಅಂತ ಬಾಲ್ಕನಿ ಕಡೆ ಇಳಿಜಾರು ಕೊಟ್ಟೇ ನೆಲ ಹಾಕಿರುತ್ತಾರೆ.

ಬಿರುಕಿಗೆ ಮಾತ್ರ ಇನ್ನೊಮ್ಮೆ ಪುಟ್ಟಿ ಹಾಕಿಸಬೇಡಿ. ಅದು ಬೆಳೆಯುತ್ತಿದೆಯಾ, ನಿಂತಿದೆಯಾ ಅಂತ ಮೊದಲು ತಿಳಿಯಬೇಕು. ತೆಳ್ಳನೆ ಗಾಜಿನ ಪಟ್ಟಿ ತನ್ನಿ. ಬೆರಳಗಲ ಸಾಕು. ಬಿರುಕಿನ ಎರಡೂ ಬದಿ ಬಣ್ಣ ಕೆರೆದು, ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿ ಅಂಟಿಸಿ. ಎರಡು ತುದಿಗೂ ಎಪಾಕ್ಸಿ ಅಂಟು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ ಹಾಕಿ. ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದಿಡಿ. ಗೋಡೆ ಅಲುಗಾಡಿದರೆ ಗಾಜು ಒಡೆಯುತ್ತದೆ.

ಇನ್ನೊಂದು ಮಾತು. ಇಡೀ ಬಡಾವಣೆ ಒಂದೇ ಸಮ ಇಳಿದರೆ ಕಟ್ಟಡಕ್ಕೆ ದೊಡ್ಡ ಪೆಟ್ಟಿಲ್ಲ. ಒಂದು ಕಾಲು ಗುಂಡಿಯಲ್ಲಿ, ಇನ್ನೊಂದು ಗಟ್ಟಿ ನೆಲದಲ್ಲಿ ಊರಿ ನಿಂತರೆ ಸೊಂಟ ಹಿಡಿಯುತ್ತದಲ್ಲ, ಕಟ್ಟಡಕ್ಕೂ ಹಾಗೇ. ಒಂದು ಮೂಲೆ ಇಳಿದು ಇನ್ನೊಂದು ಮೂಲೆ ನಿಂತರೆ ಗೋಡೆ ಸೀಳುತ್ತದೆ. ಓರೆ ಬಿರುಕು ಬರುವುದು ಹೆಚ್ಚಾಗಿ ಆಗಲೇ.

ಅಲೆಯ ಅಳತೆ

ಹಾಸನದ ಅಣ್ಣ, ಖಂಡಿತ ಗೊತ್ತಾಗುತ್ತದೆ. ನಾನು ಇದೇ ಕೆಲಸ ಮಾಡುವವಳು. ಸ್ವಲ್ಪ ಉದ್ದ ಬರೆಯುತ್ತೇನೆ. ಈ ವಿಷಯದಲ್ಲಿ ಅರ್ಧ ತಿಳಿದರೆ ಭಯವೇ ಜಾಸ್ತಿ.

ಇಂಥ ನಕ್ಷೆಗಳಲ್ಲಿ ಹೆಚ್ಚಿನವು ಯುರೋಪಿನ ಸೆಂಟಿನೆಲ್-1 ಉಪಗ್ರಹದ ಮಾಹಿತಿಯಿಂದ ಮಾಡಿದವು. ಮೊದಲ ಉಪಗ್ರಹ 2014ರ ಏಪ್ರಿಲ್‌ನಲ್ಲಿ ಮೇಲೆ ಹೋಯಿತು. ಸುಮಾರು 693 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. 12 ದಿನಕ್ಕೊಮ್ಮೆ ಅದೇ ದಾರಿಗೆ ಬಂದು ಅದೇ ಊರನ್ನು ನೋಡುತ್ತದೆ. ಇದು ಬೆಳಕಿನ ಫೋಟೋ ಅಲ್ಲ. ತಾನೇ ರೇಡಿಯೋ ಅಲೆ ಕಳಿಸಿ, ನೆಲಕ್ಕೆ ಬಡಿದು ವಾಪಸ್ ಬಂದದ್ದನ್ನು ಹಿಡಿಯುತ್ತದೆ. ರಾತ್ರಿಯಾದರೂ ಸರಿ, ಮೋಡ ಕವಿದಿದ್ದರೂ ಸರಿ.

ಆ ಅಲೆಯ ಉದ್ದ ಸುಮಾರು 5.6 ಸೆಂ.ಮೀ. ವಾಪಸ್ ಬಂದ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿತ್ತು ಅಂತ ಉಪಗ್ರಹ ದಾಖಲಿಸುತ್ತದೆ. ಇದನ್ನೇ ಫೇಸ್ ಅನ್ನುವುದು. ಮುಂದಿನ ಸಲ ಬರುವಾಗ ನಿಮ್ಮ ಕಟ್ಟಡ ಒಂದಿಷ್ಟು ಇಳಿದಿದ್ದರೆ ಅಲೆ ಹೋಗಿಬರುವ ದಾರಿ ಉದ್ದವಾಗುತ್ತದೆ, ಫೇಸ್ ಸರಿಯುತ್ತದೆ. ನಿಮಿಷದ ಮುಳ್ಳು ಮಾತ್ರ ಇರುವ ಗಡಿಯಾರ ಅಂದುಕೊಳ್ಳಿ. ಮುಳ್ಳು ಒಂದು ಸುತ್ತು ಬಂದರೆ ನೆಲ 2.8 ಸೆಂ.ಮೀ. ಸರಿದಿದೆ ಅಂತ ಅರ್ಥ. ಹತ್ತು ನಿಮಿಷದಷ್ಟು ಸರಿದರೂ ಕಾಣುತ್ತದೆ. ಆದರೆ ಎಷ್ಟು ಸುತ್ತು ಮುಗಿಯಿತು ಅಂತ ಆ ಗಡಿಯಾರ ಹೇಳುವುದಿಲ್ಲ. ಅಕ್ಕಪಕ್ಕದ ಚುಕ್ಕಿ, ಹಿಂದಿನ ಮುಂದಿನ ತಾರೀಖು ಎಲ್ಲ ಜೋಡಿಸಿ ನಾವೇ ಲೆಕ್ಕ ಹಾಕಬೇಕು. ನೆಲ ತುಂಬಾ ಬೇಗ ಇಳಿಯುವ ಕಡೆ ಈ ಲೆಕ್ಕ ತಪ್ಪಬಹುದು.

ಗಾಳಿಯಲ್ಲಿರುವ ನೀರಾವಿಯೂ ತೊಂದರೆ ಕೊಡುತ್ತದೆ. ಜುಲೈ ತಿಂಗಳ ತೇವದ ಗಾಳಿಯಲ್ಲಿ ಅಲೆ ಸ್ವಲ್ಪ ನಿಧಾನವಾಗುತ್ತದೆ. ನೋಡಿದರೆ ನೆಲವೇ ಇಳಿದಂತೆ ಕಾಣುತ್ತದೆ. ಅದಕ್ಕೇ ಎರಡು ಚಿತ್ರ ಹೋಲಿಸಿ ತೀರ್ಪು ಕೊಡಬಾರದು. ವರ್ಷಗಟ್ಟಲೆ ಚಿತ್ರ ಬೇಕು, ಹತ್ತಾರಲ್ಲ, ನೂರರ ಲೆಕ್ಕದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಗಾಳಿಯ ಏರುಪೇರು ಕಳೆದುಹೋಗಿ ನೆಲದ ಚಲನೆ ಉಳಿಯುತ್ತದೆ. ಊರೊಳಗಿನ ಕಟ್ಟಡದ ಮೂಲೆ, ಕಬ್ಬಿಣದ ಕಂಬ, ಸೇತುವೆಯ ಕಟಕಟೆ, ಇವೆಲ್ಲ ಪ್ರತಿ ಸಲವೂ ಒಂದೇ ಥರ ಹೊಳೆಯುತ್ತವೆ. ಇಟಲಿಯ ಮಿಲಾನ್ ಪಾಲಿಟೆಕ್ನಿಕ್‌ನವರು 1990ರ ದಶಕದ ಕೊನೆಯಲ್ಲಿ ಇಂಥ ಗಟ್ಟಿ ಚುಕ್ಕಿಗಳನ್ನೇ ಹಿಡಿದು ಅಳೆಯುವ ದಾರಿ ಕಂಡುಕೊಂಡರು. ಮರದ ಎಲೆ, ಗದ್ದೆ ಹಾಗಲ್ಲ, ದಿನಕ್ಕೊಂದು ಥರ.

ಈಗ ನಿಮ್ಮ ನಕ್ಷೆಯ ಬಗ್ಗೆ ಹೇಳಿ. ಅದು ಯಾವ ವರ್ಷದಿಂದ ಯಾವ ವರ್ಷದ ತನಕದ್ದು? ಕೆಂಪು ಅಂದರೆ ಎಷ್ಟು? ಯಾವ ಜಾಗ ಸ್ಥಿರ ಅಂತ ಹಿಡಿದು ಅಳೆದಿದ್ದಾರೆ? ಈ ಅಳತೆ ಯಾವಾಗಲೂ ಇನ್ನೊಂದು ಜಾಗಕ್ಕೆ ಹೋಲಿಸಿದ್ದು. ಹೋಲಿಸಿದ ಜಾಗವೇ ಇಳಿಯುತ್ತಿದ್ದರೆ ನಕ್ಷೆಯೆಲ್ಲ ತಪ್ಪು.

ದ್ವಾರಕಾದ ಹಾಸನದವ

ತುಂಬಾ ಥ್ಯಾಂಕ್ಸ್ ಮೇಡಂ, ಮಟ್ಟಗೋಲು ಸರ್. ನಕ್ಷೆ ದೊಡ್ಡದು ಮಾಡಿ ನೋಡಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 2014–2016 ಅಂತ ಇದೆ. ಇದನ್ನು ಯಾರೂ ಗಮನಿಸಿಯೇ ಇರಲಿಲ್ಲ.

ಅಲೆಯ ಅಳತೆ

ಹಾಗಾದರೆ ನಿಮಗೊಂದು ಒಳ್ಳೆಯ ಸುದ್ದಿ ಇದೆ. ಐಐಟಿ ಬಾಂಬೆಯವರೂ ಹೊರದೇಶದ ತಜ್ಞರೂ ಸೇರಿ ದೆಹಲಿಯ ಬಗ್ಗೆ ಮಾಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. 2014–16ರಲ್ಲಿ ದ್ವಾರಕಾ ವರ್ಷಕ್ಕೆ ಸುಮಾರು 3.5 ಸೆಂ.ಮೀ. ಇಳಿಯುತ್ತಿತ್ತು. ನಿಮ್ಮ ಗುಂಪಿಗೆ ಬಂದದ್ದು ಆ ಕಾಲದ ನಕ್ಷೆ. ಆಮೇಲೆ ಇಳಿತ ನಿಧಾನವಾಯಿತು. 2018–19ರ ಹೊತ್ತಿಗೆ ಅಲ್ಲಿ ನೆಲ ವರ್ಷಕ್ಕೆ ಸುಮಾರು 1.2 ಸೆಂ.ಮೀ. ಮೇಲೇಳುತ್ತಿತ್ತು.

ಖಾಸಗಿ ಬೋರ್‌ವೆಲ್ ಮೇಲೆ ಬಿಗಿ ಬಂತು. ಮಳೆನೀರು ಇಂಗಿಸಿದರು. ಹಳೆಯ ಕೆರೆ-ಕುಂಟೆಗಳಿಗೆ ಮತ್ತೆ ಜೀವ ಬಂತು. ಅಂತರ್ಜಲ ಏರಿತು, ನೆಲವೂ ಸ್ವಲ್ಪ ಉಸಿರು ಎಳೆದುಕೊಂಡಿತು. ನನಗೆ ಈ ಅಧ್ಯಯನದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಇಳಿಯುವ ನೆಲವನ್ನು ನಿಲ್ಲಿಸಬಹುದು ಅಂತ ನಮ್ಮದೇ ದೇಶದ ಒಂದು ಬಡಾವಣೆ ತೋರಿಸಿಕೊಟ್ಟಿದೆ.

ಆದರೆ ಅದೇ ನಕ್ಷೆಯಲ್ಲಿ ನಿಮ್ಮಿಂದ ಸ್ವಲ್ಪ ದಕ್ಷಿಣಕ್ಕೆ ನೋಡಿ. ಕಾಪಸಹೇಡಾ. 2014–16ರಲ್ಲಿ ವರ್ಷಕ್ಕೆ ಸುಮಾರು 11 ಸೆಂ.ಮೀ. ಆಮೇಲೆ 17 ಸೆಂ.ಮೀ. ದಾಟಿತು. ವರ್ಷಕ್ಕೆ ಒಂದು ಗೇಣಿನ ಹತ್ತಿರ. ವಿಮಾನ ನಿಲ್ದಾಣದಿಂದ ಒಂದು ಕಿಲೋಮೀಟರೂ ದೂರವಿಲ್ಲ.

ಕೋಲಾರದ ಬೋರು

ಒಂದು ಅನುಮಾನ. ನಾನು ಬೋರ್ ಲಾರಿಯಲ್ಲಿ ದುಡಿದವನು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರದೈನೂರು ಅಡಿ ಕೊರೆದರೂ ಧೂಳು ಬಿಟ್ಟು ಏನೂ ಬಾರದ ಬೋರುಗಳನ್ನು ನೋಡಿದ್ದೇನೆ. ನೀರೆಲ್ಲ ಎತ್ತಿ ಮುಗಿಸಿದ್ದೇವೆ. ಹಾಗಾದರೆ ನಮ್ಮ ನೆಲವೂ ದೆಹಲಿಯ ಹಾಗೆ ಇಳಿಯಬೇಕಲ್ಲವಾ?

ಅಲೆಯ ಅಳತೆ

ಒಳ್ಳೆಯ ಪ್ರಶ್ನೆ. ನಿಮಗೆ ಉತ್ತರವೂ ಗೊತ್ತಿದೆ. ಕೊರೆಯುವಾಗ ಕೇಸಿಂಗ್ ಪೈಪ್ ಎಲ್ಲಿಯವರೆಗೆ ಇಳಿಸುತ್ತೀರಿ? ಮೇಲಿನ ಮಣ್ಣು, ಸಡಿಲ ಕಲ್ಲು ಮುಗಿಯುವ ತನಕ. ಆಮೇಲೆ ಗಟ್ಟಿ ಬಂಡೆ, ಕೇಸಿಂಗ್ ಬೇಡ. ನೀರಿರುವುದು ಆ ಬಂಡೆಯ ಸೀಳುಗಳಲ್ಲಿ. ಹಂಡೆಯಿಂದ ನೀರು ತೆಗೆದರೆ ಹಂಡೆ ಕುಗ್ಗುವುದಿಲ್ಲ.

ದೆಹಲಿಯ ಆ ಭಾಗ ಹಾಗಲ್ಲ. ನದಿ ತಂದು ಹಾಕಿದ ಮರಳು, ಮೆಕ್ಕಲು, ಜೇಡಿಮಣ್ಣು ಪದರ ಪದರವಾಗಿ ಕೂತಿದೆ. ಕಣಗಳ ಮಧ್ಯೆ ತುಂಬಿದ ನೀರೂ ಮೇಲಿನ ಭಾರ ಹೊರುತ್ತದೆ. ನೀರು ಎಳೆದರೆ ಭಾರವೆಲ್ಲ ಕಣಗಳ ಮೇಲೆ ಬೀಳುತ್ತದೆ. ಡಬ್ಬಿಗೆ ಅವಲಕ್ಕಿ ತುಂಬಿ ನಾಲ್ಕು ಸಲ ಕುಟ್ಟಿದರೆ ಎರಡು ಬೆರಳು ಇಳಿಯುತ್ತದಲ್ಲ, ಹಾಗೆ ಜೇಡಿ ಕೂರುತ್ತದೆ. ಒಮ್ಮೆ ಹಾಗೆ ಕೂತ ಜೇಡಿ ಮತ್ತೆ ನೀರು ಕೊಟ್ಟರೂ ಪೂರ್ತಿ ಏಳುವುದಿಲ್ಲ. ಮರಳಿನ ಪದರ ಸ್ವಲ್ಪ ಎದ್ದೀತು. ದ್ವಾರಕಾ 1.2 ಸೆಂ.ಮೀ. ಎದ್ದಿತು ಅಂದರೆ ಹಿಂದೆ ಕಳೆದದ್ದೆಲ್ಲ ಬಂತು ಅಂತ ಅಲ್ಲ.

ಬೆಂಗಳೂರು ಸೇರಿ ಐದು ಮಹಾನಗರಗಳ ಬಗ್ಗೆ 2025ರಲ್ಲಿ ಇನ್ನೊಂದು ಅಧ್ಯಯನ ಬಂತು. ಅತಿ ಹೆಚ್ಚು ಇಳಿಯುವ ಜಾಗದಲ್ಲಿ ದೆಹಲಿಗೆ ವರ್ಷಕ್ಕೆ 51 ಮಿ.ಮೀ., ಚೆನ್ನೈಗೆ 31.7, ಮುಂಬೈಗೆ 26.1, ಕೋಲ್ಕತ್ತಕ್ಕೆ 16.4. ಬೆಂಗಳೂರಿಗೆ 6.7 ಮಾತ್ರ. ಕೆಳಗೆ ಬಂಡೆ ಇರುವುದು ಇದಕ್ಕೆ ದೊಡ್ಡ ಕಾರಣ ಅಂತ ನನ್ನ ಲೆಕ್ಕ. ಆ ದೆಹಲಿ ಅಂಕಿಯೂ ಕಾಪಸಹೇಡಾದ 17 ಸೆಂ.ಮೀ. ಕೂಡ ಬೇರೆ ಬೇರೆ ಕಾಲ, ಬೇರೆ ಬೇರೆ ವಿಧಾನದವು. ಒಂದರ ಪಕ್ಕ ಒಂದಿಟ್ಟು ಇಳಿತ ಕಡಿಮೆಯಾಯಿತು ಅನ್ನಬೇಡಿ.

ಮಟ್ಟಗೋಲು

ಬೆಂಗಳೂರಿನವರು ಇದನ್ನು ಓದಿ ಪೂರ್ತಿ ನಿರಾಳರಾಗಬೇಡಿ. ಕೆರೆ ಅಂಗಳಕ್ಕೆ ಮಣ್ಣು ಸುರಿದು ಸೈಟ್ ಮಾಡಿದ ಕಡೆ ಕೆಳಗೆ ಹೂಳೇ ಇರುವುದು. ಅಲ್ಲಿ ಪಾಯ ಸರಿಯಾಗಿ ತೆಗೆಯದಿದ್ದರೆ ಮನೆ ತನ್ನ ಭಾರಕ್ಕೇ ಕೂರುತ್ತದೆ. ಬೋರ್‌ವೆಲ್ ಬೇಕಾಗಿಲ್ಲ.

ಕೋಲಾರದ ಬೋರು

ಈಗ ಅರ್ಥವಾಯಿತು ಅಕ್ಕ. ಹಾಸನದ ಅಣ್ಣನಿಗೆ ನನ್ನದೊಂದು ಗುರುತು. ಹಳೆಯ ಬೋರ್‌ವೆಲ್ ಇದ್ದರೆ ಅದರ ಬಾಯಿ ನೋಡಿ. ಮೆಕ್ಕಲು ನೆಲದಲ್ಲಿ ಕೇಸಿಂಗ್ ತುಂಬಾ ಆಳಕ್ಕೆ ಹೋಗಿರುತ್ತದೆ. ಸುತ್ತ ನೆಲ ಇಳಿದರೂ ಪೈಪ್ ಅಷ್ಟೇ ಇಳಿಯುವುದಿಲ್ಲ. ವರ್ಷ ಕಳೆದಂತೆ ಪೈಪೇ ಮೇಲೆದ್ದ ಹಾಗೆ ಕಾಣಬೇಕು. ಸುತ್ತಲಿನ ಸಿಮೆಂಟ್ ಕಟ್ಟೆಯ ಕೆಳಗೆ ಸಂದಿ ಬಿಟ್ಟಿರುತ್ತದೆ.

ಹೂಸ್ಟನ್ ಕನ್ನಡತಿ

ಕೇಸಿಂಗ್ ಮಾತು ಓದಿ ಬರೆಯೋಣ ಅನ್ನಿಸಿತು. ನಾನಿರುವ ಅಮೆರಿಕದ ಹೂಸ್ಟನ್ ಸುತ್ತಮುತ್ತ ಇದು ಹಳೆಯ ಗಾಯ. ಹತ್ತಿರದ ಬೇಟೌನ್‌ನಲ್ಲಿ ಬ್ರೌನ್‌ವುಡ್ ಅಂತ ಒಂದು ಬಡಾವಣೆ ಇತ್ತು. 1938ರಲ್ಲಿ ಕಟ್ಟಲು ಶುರು ಮಾಡಿದಾಗ ಸಮುದ್ರ ಮಟ್ಟಕ್ಕಿಂತ ಸುಮಾರು 10 ಅಡಿ ಮೇಲಿತ್ತು. ಕಾರ್ಖಾನೆಗಳೂ ಊರೂ ನೆಲದಡಿಯ ನೀರನ್ನೇ ಎತ್ತಿದವು. 1978ರ ಹೊತ್ತಿಗೆ 8 ಅಡಿಗೂ ಹೆಚ್ಚು ಇಳಿದಿತ್ತು. ಕೊನೆಗೆ 1983ರಲ್ಲಿ ಅಲಿಶಿಯಾ ಚಂಡಮಾರುತ ಬಂದು ಉಳಿದ ಮನೆಗಳನ್ನೂ ಮುಗಿಸಿತು. ಈಗ ಅದು ಪಕ್ಷಿಧಾಮದ ಥರ ಇದೆ. ನಾವು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಕೊಕ್ಕರೆ ನೋಡುತ್ತಾ ನಿಂತಾಗ, ಇಲ್ಲಿ ಯಾರದ್ದೋ ಅಡುಗೆಮನೆ ಇತ್ತಲ್ಲಾ ಅಂತ ಹೊಟ್ಟೆ ತೊಳಸಿತು.

1975ರಲ್ಲಿ ಇಲ್ಲಿ ನೆಲ ಕುಸಿತ ತಡೆಯಲೆಂದೇ ಒಂದು ಪ್ರಾಧಿಕಾರ ಮಾಡಿದರು. ನೀರೆತ್ತಲು ಪರವಾನಗಿ, ಶುಲ್ಕ, ಬದಲಿಗೆ ನದಿ ಮತ್ತು ಜಲಾಶಯದ ನೀರು. ಪೂರ್ವದ ಕಡೆ ಇಳಿತ ಬಹಳಷ್ಟು ನಿಂತಿತು. ಆದರೆ ಊರು ವಾಯವ್ಯಕ್ಕೆ ಬೆಳೆಯಿತು, ಬೋರ್‌ವೆಲ್ ಅಲ್ಲಿಗೆ ಹೋದವು, ಇಳಿತವೂ ಅಲ್ಲಿಗೆ ಹೋಯಿತು. ದ್ವಾರಕಾ-ಕಾಪಸಹೇಡಾ ಕಥೆ ಓದಿದಾಗ ಇದೇ ನೆನಪಾಯಿತು. ನೀರು ಕೊಡದೆ ಬರೀ ಬೋರ್ ಮುಚ್ಚಿಸಿದರೆ ತೊಂದರೆ ಪಕ್ಕದ ಮನೆಗೆ ಹೋಗುತ್ತದೆ.

ಶಿರಸಿ ಹೈದ

ಊರಿನ ನೆಲದ ಮಾತಿನ ಮಧ್ಯೆ ಬರುತ್ತಿದ್ದೇನೆ, ಬೇಸರ ಮಾಡಬೇಡಿ. 2024ರ ಜುಲೈನಲ್ಲಿ ನಮ್ಮ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ಈ ರೇಡಾರ್ ಅದನ್ನು ಮೊದಲೇ ಹೇಳಬಹುದಿತ್ತಾ?

ಅಲೆಯ ಅಳತೆ

ಶಿರೂರಿನ ಬಗ್ಗೆ ನಾನು ಹೀಗೆ ಅಂತ ಹೇಳಲಾರೆ. ಸಾಮಾನ್ಯವಾಗಿ ಹೇಳುವುದಾದರೆ, ತಿಂಗಳುಗಟ್ಟಲೆ ನಿಧಾನವಾಗಿ ಜಾರುವ ಇಳಿಜಾರು ರೇಡಾರ್‌ಗೆ ಸಿಗುತ್ತದೆ. ಒಂದೇ ಮಳೆಗೆ ಕ್ಷಣದಲ್ಲಿ ಬೀಳುವ ಗುಡ್ಡ ಸಿಗುವುದಿಲ್ಲ. 12 ದಿನಕ್ಕೊಮ್ಮೆ ನೋಡುವ ಕಣ್ಣಿಗೆ ಆ ಕ್ಷಣ ಎಲ್ಲಿ ಸಿಗಬೇಕು. ಜೊತೆಗೆ ಘಟ್ಟದಲ್ಲಿ ಕಾಡು ಜಾಸ್ತಿ. 5.6 ಸೆಂ.ಮೀ. ಅಲೆ ಎಲೆಗಳಲ್ಲೇ ಚದುರಿಹೋಗುತ್ತದೆ.

ಇಲ್ಲೇ ನಿಸಾರ್ ಬಗ್ಗೆ ನನಗೆ ಆಸೆ ಇರುವುದು. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ಉಪಗ್ರಹ. ಬೆಂಗಳೂರಿನಲ್ಲೇ ಜೋಡಿಸಿದ್ದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ಬಿಚ್ಚಿದ ಕೊಡೆಯಂಥ ಆಂಟೆನಾ, 12 ಮೀಟರ್ ಅಗಲ. ಎರಡು ರೇಡಾರ್ ಇವೆ. ಅದರಲ್ಲಿ ಎಲ್-ಬ್ಯಾಂಡ್ ಅನ್ನುವ ರೇಡಾರ್‌ನ ಅಲೆ ಸುಮಾರು 24 ಸೆಂ.ಮೀ. ಉದ್ದ. ಎಲೆಗಳ ಮಧ್ಯೆ ತೂರಿ ನೆಲದ ತನಕ ಹೋಗುವ ಶಕ್ತಿ ಅದಕ್ಕೆ ಜಾಸ್ತಿ. ಮಾಹಿತಿ ಎಲ್ಲರಿಗೂ ಉಚಿತ.

ಶಿರಸಿ ಹೈದ

ಮಾಹಿತಿ ಉಚಿತ ಅಂದರೆ ಸಾಕಾ? 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ಏನಾಯಿತು ನೆನಪಿದೆಯಾ. 12 ದಿನದಲ್ಲಿ 5.4 ಸೆಂ.ಮೀ. ಇಳಿದಿದೆ ಅಂತ ಇಸ್ರೋದ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿ ಚಿತ್ರ ಸಮೇತ ಹಾಕಿತು. ಕೆಲವೇ ದಿನದಲ್ಲಿ ಆ ವರದಿ ಜಾಲತಾಣದಲ್ಲಿ ಇರಲಿಲ್ಲ. ಮಾಧ್ಯಮದವರ ಹತ್ತಿರ ಮಾತನಾಡಬೇಡಿ ಅಂತ ಸಂಸ್ಥೆಗಳಿಗೆ ಸೂಚನೆ ಹೋಯಿತು. ಮನೆ ಬಿರುಕುಬಿಟ್ಟವರಿಗೆ ತಮ್ಮ ನೆಲದ ಸುದ್ದಿ ತಿಳಿಯುವ ಹಕ್ಕಿಲ್ಲವಾ?

ಮಟ್ಟಗೋಲು

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಹಾಸನದವರ ಮನೆಯಲ್ಲಿ ಏನಾಯಿತು ನೋಡಿ. ಹಳೆಯ ನಕ್ಷೆಯೊಂದು ಸುಮ್ನೆ ವಾಟ್ಸಾಪ್‌ಗೆ ಬಂತು, ಮನೆ ಮಾರುವ ಮಾತು ಶುರುವಾಯಿತು. ವಿವರಣೆ ಇಲ್ಲದ ನಕ್ಷೆಯಿಂದಲೂ ಜನರಿಗೆ ಪೆಟ್ಟಾಗುತ್ತದೆ.

ಅಲೆಯ ಅಳತೆ

ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ನಾನು ಶಿರಸಿಯವರ ಕಡೆ. ಬಚ್ಚಿಟ್ಟರೆ ಹಳೆಯ ನಕ್ಷೆ, ಅರ್ಧ ನಕ್ಷೆಗಳೇ ಓಡಾಡುತ್ತವೆ. ಯುರೋಪಿನಲ್ಲಿ 2022ರಿಂದ ಖಂಡದ ಬಹುಭಾಗದ ನೆಲದ ಚಲನೆಯ ನಕ್ಷೆಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ಯಾರು ಬೇಕಾದರೂ ತಮ್ಮ ಬೀದಿಯ ಚುಕ್ಕಿ ಒತ್ತಿದರೆ ವರ್ಷವರ್ಷದ ಏರಿಳಿತ ಕಾಣುತ್ತದೆ. ಚುಕ್ಕಿಯ ಜೊತೆ ತಾರೀಖು, ಎಷ್ಟು ನಂಬಬಹುದು ಅನ್ನುವ ಅಳತೆ ಎಲ್ಲ ಇದೆ. ನಮ್ಮಲ್ಲೂ ಹಾಗೆ ಆಗಬೇಕು. ಪಾಲಿಕೆಯವರು ಬೋರ್‌ವೆಲ್‌ಗೆ ಅನುಮತಿ ಕೊಡುವ ಮೇಜಿನ ಮೇಲೆ ಈ ನಕ್ಷೆ ಇರಬೇಕು. ಇದಕ್ಕಾಗಿ ನಾನು ಹೋದಲ್ಲೆಲ್ಲ ಕೇಳುತ್ತಲೇ ಇರುತ್ತೇನೆ.

ದ್ವಾರಕಾದ ಹಾಸನದವ

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಮೂರು ಗಾಜಿನ ಪಟ್ಟಿ ಹಾಕಿದ್ದೆ. ಮೇಲಿನ ಎರಡು ಹಾಗೇ ಇವೆ. ಕೆಳಗಿನದು 23ನೇ ದಿನ ಒಡೆದಿತ್ತು. ಮಟ್ಟಗೋಲು ಸರ್ ಫೋನಿನಲ್ಲಿ ಹೇಳಿದ ಹಾಗೆ ಆ ಮೂಲೆಯ ಮಳೆನೀರಿನ ಪೈಪ್ ನೋಡಿಸಿದೆವು. ನೆಲದೊಳಗೆ ಅದು ಮುರಿದಿತ್ತು. ಎಷ್ಟು ಮಳೆಗಾಲದಿಂದ ಛಾವಣಿಯ ನೀರೆಲ್ಲ ಪಾಯದ ಬುಡಕ್ಕೆ ಹೋಗುತ್ತಿತ್ತೋ. ಅಗೆದ ಗುಂಡಿಯಲ್ಲಿ ಮಣ್ಣು ಅಂಬಲಿಯ ಹಾಗಿತ್ತು. ಪೈಪ್ ಬದಲಾಯಿಸಿದ್ದೇವೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಮುಂದಿನ ವಾರ ಬರುತ್ತಾರೆ. ಮಾರುವ ಮಾತು ಸದ್ಯಕ್ಕೆ ನಿಂತಿದೆ.

ಆದರೆ ಬರೆಯಬೇಕು ಅಂದುಕೊಂಡದ್ದು ಬೇರೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಇರುವುದು ಕಾಪಸಹೇಡಾದಲ್ಲಿ. ಇಷ್ಟು ವರ್ಷ ಅದು ನನಗೆ ಬರೀ ಒಂದು ಬಸ್ ನಿಲ್ದಾಣದ ಹೆಸರಾಗಿತ್ತು. ಭಾನುವಾರ ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋಗಿದ್ದೆವು. ನಾಲ್ಕು ಮಹಡಿ, ಮಹಡಿಗೆ ಎಂಟು ಕೋಣೆ, ಕೋಣೆಗೊಂದು ಸಂಸಾರ. ಎಲ್ಲರೂ ಬಾಡಿಗೆಯವರು, ಹೆಚ್ಚಿನವರು ಗುರುಗ್ರಾಮದ ಫ್ಯಾಕ್ಟರಿಗಳಿಗೆ ಹೋಗುವವರು. ಅವರ ಕೋಣೆಯ ಬಾಗಿಲು ನೆಲಕ್ಕೆ ಉಜ್ಜುತ್ತದೆ. ಎರಡು ಸಲ ಕೆಳಗಡೆ ಹತ್ತರಿ ಹೊಡೆಸಿದ್ದಾರಂತೆ. ಮತ್ತೆ ಉಜ್ಜಿ ನೆಲದ ಮೇಲೆ ಅರ್ಧ ಚಂದ್ರದ ಗೆರೆ ಬಿದ್ದಿದೆ. ಬೆಳಗಿನ ಜಾವ ಗಲ್ಲಿಯ ಮೋಟರ್‌ಗಳೆಲ್ಲ ಒಟ್ಟಿಗೆ ಶುರುವಾಗುತ್ತವಂತೆ. ಒಂದು ಗಂಟೆ ನೀರು. ಆಗ ಹಿಡಿದಿಟ್ಟುಕೊಳ್ಳದಿದ್ದರೆ ದಿನವಿಡೀ ಇಲ್ಲ. ನಳದ ನೀರು ಬಂದರೆ ಯಾಕೆ ಬೋರ್ ಹಾಕಿಸಬೇಕು ಸಾಬ್ ಅಂತ ಮನೆ ಮಾಲೀಕರೇ ಕೇಳಿದರು. ನನಗೆ ಉತ್ತರ ತೋಚಲಿಲ್ಲ.

ಕೋಲಾರದ ತಮ್ಮ ಹೇಳಿದ್ದು ನೆನಪಾಗಿ ಬೋರ್‌ವೆಲ್ ಬಾಯಿ ನೋಡಿದೆ. ಸಿಮೆಂಟ್ ಕಟ್ಟೆ ಪೈಪಿಗೆ ಅಂಟಿಕೊಂಡು ತೂಗುತ್ತಿದೆ. ಕೆಳಗೆ ನನ್ನ ಅಂಗೈ ಪೂರ್ತಿ ಹೋಗುತ್ತದೆ. ಪಕ್ಕದ ಕಟ್ಟಡದ್ದೂ ಹಾಗೇ ಇದೆ.

ಮೇಡಂ, ಆ ಗಲ್ಲಿಯ ಈಚಿನ ಅಳತೆ ನೀವು ತೆಗೆದುಕೊಡಲು ಆಗುತ್ತದಾ? ಪಾಲಿಕೆಗೂ ನೀರಿನವರಿಗೂ ಅರ್ಜಿ ಕೊಡಬೇಕು ಅಂದುಕೊಂಡಿದ್ದೇವೆ. ನಮ್ಮ ಸೊಸೈಟಿಯ 60 ಮನೆಯವರು ಸಹಿ ಹಾಕುತ್ತಾರೆ.

ಅಲೆಯ ಅಳತೆ

ಖಂಡಿತ ಅಣ್ಣ. ಕಟ್ಟಡದ ನಾಲ್ಕು ಮೂಲೆಯ ಅಕ್ಷಾಂಶ-ರೇಖಾಂಶ ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಹಾಕಬೇಡಿ. ಕಟ್ಟಿದ ವರ್ಷ, ಬೋರ್ ಕೊರೆಸಿದ ವರ್ಷ, ಕೇಸಿಂಗ್ ಎಷ್ಟು ಅಡಿ ಅಂತ ಮಾಲೀಕರನ್ನು ಕೇಳಿ ಬರೆದುಕೊಳ್ಳಿ. ಉಪಗ್ರಹ ಉತ್ತರಕ್ಕೆ ಹೋಗುವಾಗಿನ ಮತ್ತು ದಕ್ಷಿಣಕ್ಕೆ ಬರುವಾಗಿನ ಎರಡೂ ಕಡೆಯ ನೋಟ ಸಿಗುತ್ತದಾ ನೋಡುತ್ತೇನೆ. ರೇಡಾರ್ ಓರೆಯಾಗಿ ನೋಡುತ್ತದೆ. ಎರಡೂ ಸಿಕ್ಕರೆ ನೆಲ ನೇರ ಇಳಿದದ್ದೆಷ್ಟು, ಪಕ್ಕಕ್ಕೆ ಸರಿದದ್ದೆಷ್ಟು ಅಂತ ಬಿಡಿಸಬಹುದು. ಸ್ವಲ್ಪ ಸಮಯ ಹಿಡಿಯುತ್ತದೆ.

ಕೋಲಾರದ ಬೋರು

ಅಣ್ಣ, ಕಟ್ಟೆಯ ತಳದಿಂದ ನೆಲಕ್ಕೆ ಎಷ್ಟಿದೆ ಅಂತ ಟೇಪಿನಲ್ಲಿ ಅಳೆದು, ಪೈಪಿನ ಮೇಲೆಯೇ ಬಣ್ಣದಲ್ಲಿ ಗೆರೆ ಹಾಕಿ. ತಾರೀಖು ಬರೆಯಿರಿ. ಪೈಪ್ ಒರೆಸಿ ಒಣಗಿಸಿ ಬರೆಯಿರಿ, ಇಲ್ಲದಿದ್ದರೆ ನಿಲ್ಲುವುದಿಲ್ಲ.

ದ್ವಾರಕಾದ ಹಾಸನದವ

ನಾಳೆ ಬೆಳಿಗ್ಗೆ ಆಕೆ ಬಂದಾಗ ಕೇಳಿಕೊಂಡು, ಸಂಜೆ ಅವರ ಜೊತೆಯಲ್ಲೇ ಹೋಗುತ್ತೇನೆ. ಕೆಂಪು ಪೇಂಟ್ ಡಬ್ಬಿ ಮನೆಯಲ್ಲೇ ಇದೆ. ಆ ಗಲ್ಲಿಯ ಎಷ್ಟು ಬೋರ್‌ಗೆ ಆಗುತ್ತದೋ ಅಷ್ಟಕ್ಕೂ ಗೆರೆ ಹಾಕಿ ಬರುತ್ತೇನೆ.